ಹಿತ್ತಲಲ್ಲಿ ಸತ್ತ ಹಕ್ಕಿಗೊಂದು ಪಂಚನಾಮೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸೌದೆಗೆ, ದರಗಿಗೆ ಅಂತ ಕಾಡಿಗೆ ಹೋಗಿ ಬಂದ ಜನ ಜ್ವರ ಬಂದು ಮಲಗಿದರು. ಕೆಲವರು ಏಳಲೇ ಇಲ್ಲ. ಮೊದಲು ಅದನ್ನು ವಿಷಮಶೀತ ಜ್ವರ ಎಂದುಕೊಂಡರು. ಮಂಗಗಳೂ ಸಾಯುತ್ತಿವೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದ ಮೇಲೆ, ಏಷ್ಯಾದಲ್ಲಿ ಅದುವರೆಗೆ ಕಾಣಿಸಿಕೊಳ್ಳದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾದರು. ಸತ್ತ ಮಂಗಗಳನ್ನು ಕೊಯ್ದು ನೋಡಿದಾಗ ಸಿಕ್ಕಿದ್ದು ಬೇರೆಯದೇ ವೈರಸ್ಸು. ಹರಡುತ್ತಿದ್ದದ್ದು ಉಣುಗು. ಕಾಡಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಆ ಕಥೆಯಲ್ಲಿ ಹಕ್ಕಿಗಳಿಗೂ ಒಂದು ಪಾತ್ರವಿದೆ. ಹೊಸ ವೈರಸ್ಸಿಗೆ ಸೈಬೀರಿಯಾ ಕಡೆಯ ಉಣುಗು ಜ್ವರಗಳ ವೈರಸ್ಸುಗಳ ಜೊತೆ ನಂಟಿತ್ತು. ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ಚಳಿಗಾಲದಲ್ಲಿ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣುಗು ಕೂತು ಬಂದಿರಬೇಕು ಎಂಬ ಊಹೆ ಹುಟ್ಟಿತು. ಅದನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಇಳಿಯಿತು. ಭಾರತದ ವಲಸೆ ಹಕ್ಕಿಗಳ ದಾರಿಯ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಸಂಗತಿ ಆ ಉಂಗುರಗಳಿಂದ ಬಂದದ್ದು. ವೈರಸ್ಸನ್ನು ವಲಸೆ ಹಕ್ಕಿಗಳೇ ತಂದವು ಎಂಬುದಕ್ಕೆ ಮಾತ್ರ ಆಧಾರ ಸಿಗಲಿಲ್ಲ. ಸೊರಬದ ಕಾಡಿನ ಮಂಗಗಳ ಸಾವು ದೇಶದ ಪಕ್ಷಿಶಾಸ್ತ್ರದ ದಿಕ್ಕನ್ನೇ ಬದಲಿಸಿದ ಈ ಸಂಗತಿ ತಾಲ್ಲೂಕಿನ ಶಾಲೆ ಮಕ್ಕಳಿಗೆ ಗೊತ್ತಾಗಬೇಕು ಅಂತ ನನಗೆ ಬಹಳ ಆಸೆ.

ಅಂದಿನಿಂದ ಮಲೆನಾಡಿನಲ್ಲಿ ಒಂದು ಪದ್ಧತಿ ಬೇರೂರಿದೆ. ಕಾಡಂಚಿನಲ್ಲಿ ಮಂಗ ಸತ್ತರೆ ಯಾರೂ ಮುಟ್ಟುವುದಿಲ್ಲ. ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಫೋನು ಹೋಗುತ್ತದೆ. ಮಾದರಿ ತೆಗೆಯುತ್ತಾರೆ, ಹೆಣ ಸುಡುತ್ತಾರೆ, ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ಅದೇ ಊರಿನ ಅದೇ ಮನೆಯ ಹಿತ್ತಲಲ್ಲಿ ಬೆಳಿಗ್ಗೆ ಎದ್ದು ನೋಡುವಾಗ ನಾಲ್ಕು ಚೋರೆ ಹಕ್ಕಿ, ಒಂದು ಕಾಗೆ ಸತ್ತು ಬಿದ್ದಿದ್ದರೆ? "ಯಾವ್ದೋ ಹಕ್ಕಿ ಸತ್ತಿದೆ ಕಣ್ರೀ" ಅಂತ ಒಂದು ಮಾತು, ಆಮೇಲೆ ಬಾಳೆ ಬುಡಕ್ಕೋ ಗೊಬ್ಬರಗುಂಡಿಗೋ. ಯಾಕೆ ಸತ್ತಿತು ಎಂದು ಕೇಳುವವರಿಲ್ಲ. ಕೇಳಿದರೂ ಉತ್ತರ ಮೊದಲೇ ಸಿದ್ಧವಿರುತ್ತದೆ: ಹಕ್ಕಿಜ್ವರ ಇರಬೇಕು, ಇಲ್ಲವೇ ಮೊಬೈಲ್ ಟವರು.

ಸೊರಬದಿಂದ ಬನವಾಸಿ ಕಡೆಗೆ ಹೋಗುವಾಗ ಸಿಗುವ ಗುಡವಿಯ ಸುತ್ತ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. ಇಲ್ಲಿನ ಕೆರೆ 1989ರಲ್ಲಿ ಪಕ್ಷಿಧಾಮವಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ, ಬರೀ 0.73. ಮುಂಗಾರು ಹಿಡಿದು ಕೆರೆ ತುಂಬುತ್ತಿದ್ದಂತೆ ನೀರಲ್ಲೇ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಇರುಳು ಬಕ, ಚಮಚಕೊಕ್ಕುಗಳು ಬಂದು ಗೂಡು ಕಟ್ಟುತ್ತವೆ. ಮಳೆಗಾಲ ಮುಗಿದು ಮರಿಗಳ ರೆಕ್ಕೆ ಬಲಿತ ಮೇಲೆ ಚದುರುತ್ತವೆ. ಕೆರೆಯೊಳಗೆ ಅವುಗಳಿಗೆ ಕಾನೂನಿನ ರಕ್ಷಣೆ ಇದೆ, ಕಾವಲುಗಾರರಿದ್ದಾರೆ, ಬೇಲಿ ಇದೆ. ಹೊಟ್ಟೆ ತುಂಬುವುದು ಮಾತ್ರ ಹೊರಗೆ. ಕೆಂಬರಲು ಮತ್ತು ಬೆಳ್ಳಕ್ಕಿ ದಿನವೂ ಮರಿಗೆ ತುತ್ತು ತರುವುದು ಸುತ್ತಲಿನ ಗದ್ದೆಗಳಿಂದ. ಕಪ್ಪೆ, ಏಡಿ, ಬಸವನಹುಳು, ಮಿಡತೆ, ಸಣ್ಣ ಮೀನು. ಆದ್ದರಿಂದ ಗುಡವಿಯ ಹಕ್ಕಿಯ ಬದುಕು ಅರ್ಧ ಅರಣ್ಯ ಇಲಾಖೆಯ ಕೈಯಲ್ಲಿದ್ದರೆ ಇನ್ನರ್ಧ ಸುತ್ತಲಿನ ಊರುಗಳ ಗದ್ದೆ, ತೋಟ, ಹಿತ್ತಲುಗಳ ಕೈಯಲ್ಲಿದೆ.

ಸತ್ತ ಹಕ್ಕಿಯೆಲ್ಲ ಅನ್ಯಾಯದ ಸಾವಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಗೂಡಿನ ಮರಗಳ ಕೆಳಗೆ ಆಗಸ್ಟ್ ತಿಂಗಳಲ್ಲಿ ಸತ್ತ ಮರಿಗಳು ಸಿಕ್ಕೇ ಸಿಗುತ್ತವೆ. ಬೆಳ್ಳಕ್ಕಿ ಮೊಟ್ಟೆಗಳನ್ನು ಒಂದೆರಡು ದಿನ ಬಿಟ್ಟು ಬಿಟ್ಟು ಇಡುತ್ತದೆ, ಮೊದಲ ಮೊಟ್ಟೆಗೇ ಕಾವು ಕೊಡಲು ಶುರು ಮಾಡುತ್ತದೆ. ಹಾಗಾಗಿ ಗೂಡಿನ ಮರಿಗಳಲ್ಲಿ ಹಿರಿದು ಕಿರಿದು ಇರುತ್ತದೆ. ಊಟ ಕಡಿಮೆಯಾದ ದಿನ ದೊಡ್ಡ ಮರಿ ಸಣ್ಣದನ್ನು ಕೊಕ್ಕಿನಿಂದ ಕುಕ್ಕಿ ಗೂಡಿನಾಚೆ ನೂಕುತ್ತದೆ. ತಾಯಿ ನೋಡುತ್ತಿದ್ದರೂ ತಡೆಯುವುದಿಲ್ಲ. ಕೆಳಗೆ ಬಿದ್ದದ್ದಕ್ಕೆ ತುತ್ತು ಕೊಡುವುದೂ ಇಲ್ಲ. ಇರುಳು ಬಕವೇ ಪಕ್ಕದ ಗೂಡಿನ ಮರಿಯನ್ನು ನುಂಗುವುದುಂಟು. ಗಾಳಿಮಳೆಗೆ ಗೂಡೇ ಕಳಚಿ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆಲಿಕಲ್ಲು ಮಳೆ ಬಿದ್ದ ಮಾರನೇ ಬೆಳಿಗ್ಗೆ ಮಾವಿನ ಮರದ ಬುಡದಲ್ಲಿ ಗೊರವಂಕ, ಪಿಕಳಾರಗಳು ಸತ್ತು ಬಿದ್ದಿರುವುದನ್ನು ಮಲೆನಾಡಿನವರು ಕಂಡಿದ್ದಾರೆ. ಇವಕ್ಕೆ ತನಿಖೆ ಬೇಡ.

ಬೇಕಿರುವುದು ಬೇರೆ ಬಗೆಯ ಸಾವಿಗೆ. ಬಲಿತ ಹಕ್ಕಿ, ಗಾಯವಿಲ್ಲ, ಮಳೆಗಾಳಿ ಇಲ್ಲ, ಆದರೂ ಅಡಿಕೆ ತೋಟದ ಕಾಲುವೆ ಪಕ್ಕ ಕಾಲು ಮೇಲೆ ಮಾಡಿ ಬಿದ್ದಿದೆ. ಇಂಥದ್ದನ್ನು ಕೈ ಮುಟ್ಟಿಸದೆ, ಒಂದು ಕೋಲಿನಿಂದ ಹೊರಳಿಸಿ ನೋಡಿದರೂ ಅದು ಎಷ್ಟೋ ವಿಷಯ ಹೇಳುತ್ತದೆ. ಎದೆಯ ನಡುವಿನ ಮೂಳೆ ಕತ್ತಿಯಂತೆ ಚೂಪಾಗಿ ಎದ್ದು, ಎರಡೂ ಬದಿಯ ಮಾಂಸ ಕರಗಿಹೋಗಿದ್ದರೆ ಹಕ್ಕಿ ಬಹಳ ದಿನ ನರಳಿದೆ: ರೋಗ, ಹೊಟ್ಟೆಹುಳು ಅಥವಾ ಹಸಿವು. ಎದೆ ದುಂಡಗೆ ತುಂಬಿಕೊಂಡು, ಗಂಟಲ ಚೀಲದಲ್ಲಿ ಇನ್ನೂ ಕಾಳು ಇದ್ದರೆ ಸಾವು ಏಕಾಏಕಿ ಬಂದಿದೆ. ಕೊಕ್ಕಿನ ತುದಿಯಲ್ಲಿ ರಕ್ತ, ಹತ್ತಿರದಲ್ಲೇ ಕಿಟಕಿ ಇದ್ದರೆ ಅದು ಗಾಜಿಗೆ ಬಡಿದ ಹಕ್ಕಿ. ಗರಿ ಚೆಲ್ಲಾಡಿ, ಬೆನ್ನಮೇಲೆ ಹಲ್ಲು ನೆಟ್ಟ ಸಣ್ಣ ತೂತುಗಳಿದ್ದರೆ ಮನೆಯ ಬೆಕ್ಕನ್ನು ಕೇಳಬೇಕು. ಕಣ್ಣಿನ ಸುತ್ತ ಕೀವಿನ ಹೆಪ್ಪು, ಹಿಂಭಾಗದ ಗರಿಗೆ ಹಸಿರು ಹಿಕ್ಕೆ ಮೆತ್ತಿದ್ದರೆ ರೋಗದ ಗುಮಾನಿ. ಕಾಲ್ಬೆರಳುಗಳು ಮುಷ್ಟಿಯಂತೆ ಬಿಗಿದುಕೊಂಡು, ಅಕ್ಕಪಕ್ಕ ಬೇರೆ ಜಾತಿಯ ಹಕ್ಕಿಗಳೂ ಬಿದ್ದಿದ್ದರೆ ವಿಷದ ಗುಮಾನಿ. ಆ ಹೆಣದ ಮೇಲೆ ಕೂತ ನೊಣಗಳೂ ಸತ್ತು ಬಿದ್ದಿವೆಯೇ ಎಂದು ಬಗ್ಗಿ ನೋಡಿ. ಸತ್ತಿದ್ದರೆ ಆ ಗುಮಾನಿ ಬಹಳಷ್ಟು ಗಟ್ಟಿಯಾಗುತ್ತದೆ.

ಗಾಜಿನ ವಿಷಯ ನಮಗೆ ಹೊಸದು. ಹೆಂಚಿನ ಮನೆಯ ಮರದ ಕಿಟಕಿಗೆ ಹಕ್ಕಿ ಬಡಿದು ಸಾಯುತ್ತಿರಲಿಲ್ಲ. ಈಗ ಸೊರಬ, ಶಿಕಾರಿಪುರದ ಹಳ್ಳಿಗಳಲ್ಲೂ ಆರ್‌ಸಿಸಿ ಮನೆಗಳು ಎದ್ದಿವೆ, ತೋಟದ ಕಡೆಗೆ ಮುಖ ಮಾಡಿದ ದೊಡ್ಡ ಗಾಜುಗಳು ಬಂದಿವೆ. ಗಾಜಿನಲ್ಲಿ ಕಾಣುವ ಅಡಿಕೆ ಮರ ನಿಜವಾದ ಅಡಿಕೆ ಮರವಲ್ಲ ಎಂದು ಹಕ್ಕಿಗೆ ತಿಳಿಯುವುದಿಲ್ಲ. ನೆಲದ ಮಟ್ಟದಲ್ಲಿ ಬಾಣದಂತೆ ಹಾರುವ ಹಸಿರು ರೆಕ್ಕೆಯ ಕಾಡು ಪಾರಿವಾಳ, ರಾತ್ರಿ ವಲಸೆ ಹೊರಡುವ ನವರಂಗ ಇದಕ್ಕೆ ಹೆಚ್ಚು ಬಲಿ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ ಕಡಿಮೆಯೆಂದರೂ 36 ಕೋಟಿ ಹಕ್ಕಿ ಸಾಯುತ್ತವೆ ಎಂಬ ಅಂದಾಜು 2014ರಲ್ಲಿ ಪ್ರಕಟವಾಯಿತು. ಪರಿಹಾರ ಸುಲಭ: ಗಾಜಿನ ಹೊರಮೈ ಮೇಲೆ ಎರಡೆರಡು ಇಂಚಿಗೊಂದು ಚುಕ್ಕೆಯೋ ಗೆರೆಯೋ ಬೇಕು. ಒಂದೇ ಒಂದು ಗಿಡುಗದ ಚಿತ್ರ ಅಂಟಿಸಿದರೆ ಸಾಲದು. ಸುಣ್ಣದ ನೀರಲ್ಲಿ ಅದ್ದಿದ ಕುಂಚವೂ ಈ ಕೆಲಸಕ್ಕೆ ಸಾಕು.

ವಿಷದ ವಿಷಯ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಮಲೆನಾಡಿನ ತೋಟದಲ್ಲಿ ಔಷಧಿ ಎಂದರೆ ಮೊದಲು ನೆನಪಾಗುವುದು ಕೊಳೆರೋಗದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಗಳಿಗೂ ಹಿಂದೆ ಅಡಿಕೆ ಕೊಳೆಯನ್ನು ಅಭ್ಯಾಸ ಮಾಡಿ ಇದನ್ನು ರೈತರಿಗೆ ಕಲಿಸಿದರು. ಹಕ್ಕಿ ಸತ್ತರೆ ಕೆಲವರು ಇದರ ಮೇಲೆ ಗೂಬೆ ಕೂರಿಸುತ್ತಾರೆ, ಯಾಕೆಂದರೆ ಹೊಡೆಯುವಾಗ ತೋಟವೆಲ್ಲ ನೀಲಿಯಾಗಿ ಕಣ್ಣಿಗೆ ಹೊಡೆಯುತ್ತದೆ. ತಾಮ್ರ ನೀರಿನ ಜೀವಿಗಳಿಗೆ ಒಳ್ಳೆಯದಲ್ಲ, ನಿಜ. ಹಕ್ಕಿಯನ್ನು ನಿಂತಲ್ಲೇ ಕೊಲ್ಲುವ ಬಗೆಯ ವಿಷ ಅದಲ್ಲ. ಅಂಥ ವಿಷಗಳಿಗೆ ಬಣ್ಣದ ಅಬ್ಬರವಿಲ್ಲ. ಅವು ಹರಳಿನ ರೂಪದಲ್ಲಿ ಗದ್ದೆಗೆ ಇಳಿಯುತ್ತವೆ.

ಗೊಬ್ಬರದ ಅಂಗಡಿಗೆ ಹೋಗಿ "ಸುಳಿ ಒಣಗ್ತಾ ಇದೆ, ಏನಾದ್ರೂ ಕೊಡಿ" ಎಂದರೆ ದಶಕಗಳ ಕಾಲ ಸಿಗುತ್ತಿದ್ದದ್ದು ಥಿಮೆಟ್ ಅಥವಾ ಫ್ಯುರಡಾನ್. ಮೊದಲನೆಯದು ಫೋರೇಟ್, ಎರಡನೆಯದು ಕಾರ್ಬೊಫ್ಯುರಾನ್. ಭತ್ತದ ಕಾಂಡ ಕೊರೆಯುವ ಹುಳುವಿಗೆ, ಬಾಳೆಗೆ, ಶುಂಠಿಗೆ, ಬದು ಕೊರೆಯುವ ಏಡಿಯ ಬಿಲಕ್ಕೆ ಕೂಡ ಇವೇ. ಇವು ನರದ ಸಂದೇಶವನ್ನು ನಿಲ್ಲಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಒಮ್ಮೆ ಹೊರಟ ಸಂದೇಶ ನಿಲ್ಲುವುದೇ ಇಲ್ಲ, ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರಾಟದ ಸ್ನಾಯುವೂ ಸೋಲುತ್ತದೆ. ಹುಳಕ್ಕೆ ಆಗುವುದೇ ಹಕ್ಕಿಗೂ ಆಗುತ್ತದೆ, ಮನುಷ್ಯನಿಗೂ. ಹಕ್ಕಿಗಳಿಗೆ ಇನ್ನೊಂದು ಕಷ್ಟ ಇದೆ. ಅವಕ್ಕೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಸಣ್ಣ ಮರಳ ಹರಳುಗಳನ್ನು ಆರಿಸಿ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತವೆ. ವಿಷದ ಹರಳು ಅದೇ ಗಾತ್ರದ್ದು. ಬೆಳ್ಳಕ್ಕಿ, ಕೆಂಬರಲುಗಳು ಹರಳನ್ನು ಹೆಕ್ಕಬೇಕಾಗಿಯೂ ಇಲ್ಲ. ಗದ್ದೆ ನೀರಲ್ಲಿ ಅಮಲೇರಿದಂತೆ ತೇಲಾಡುವ ಏಡಿ, ಕಪ್ಪೆ, ಹುಳು ಅವಕ್ಕೆ ಸುಲಭದ ಬೇಟೆ.

ತಿಂಗಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಡವಿಯಲ್ಲಿ ಮರಿ ಹೊರಬಂದು ಬಾಯಿ ತೆರೆದು ಕೂರುವುದು ಜುಲೈ, ಆಗಸ್ಟ್, ಸೆಪ್ಟೆಂಬರ್. ನಾಟಿ ಮುಗಿದು ಗದ್ದೆಗೆ ಹರಳು ಬೀಳುವುದೂ ಅದೇ ಕಾಲ. ಈ ಹೊಂದಾಣಿಕೆಯೇ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ತಾಯಿ ಹಕ್ಕಿ ಗದ್ದೆಯಲ್ಲಿ ಸತ್ತರೆ ಗೂಡಿನ ಮರಿ ಹಸಿವಿನಿಂದ ಸಾಯುತ್ತದೆ. ಆ ಮರಿಯ ಎದೆಮೂಳೆ ನೋಡಿದರೆ ಹಸಿವಿನ ಸಾವು ಎಂದೇ ತೋರುತ್ತದೆ, ವಿಷದ ಸುಳಿವೂ ಇರುವುದಿಲ್ಲ.

ಅಮೆರಿಕದಲ್ಲಿ ಕಾರ್ಬೊಫ್ಯುರಾನ್ ಹರಳಿನಿಂದ 1980ರ ದಶಕದಲ್ಲಿ ವರ್ಷಕ್ಕೆ 10ರಿಂದ 20 ಲಕ್ಷ ಹಕ್ಕಿಗಳು ಸಾಯುತ್ತಿದ್ದವು ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಲೆಕ್ಕ ಹಾಕಿತು. ಒಂದೇ ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು ಎಂದು ಕಂಡ ಮೇಲೆ 1991ರಿಂದ ಹರಳನ್ನು ಹಂತಹಂತವಾಗಿ ಹಿಂದೆಗೆದುಕೊಂಡರು. ಅಲ್ಲಿನ ಹರಳು ನಮ್ಮಲ್ಲಿ ಮಾರುವುದಕ್ಕಿಂತ ಪ್ರಬಲವಾಗಿತ್ತು ಎಂಬುದನ್ನೂ ಹೇಳಬೇಕು. ಭಾರತದಲ್ಲಿ ಫೋರೇಟ್ ಮಾರಾಟ 2020ರ ಡಿಸೆಂಬರ್ 31ಕ್ಕೆ ನಿಲ್ಲಬೇಕೆಂದು ಆದೇಶವಾಯಿತು. 2023ರಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕದ 36 ಶೇಕಡಾ ದ್ರಾವಣವನ್ನೂ, ಕಾರ್ಬೊಫ್ಯುರಾನಿನ ಉಳಿದೆಲ್ಲ ರೂಪಗಳನ್ನೂ ನಿಷೇಧಿಸಿದರು. ಉಳಿಸಿಕೊಂಡದ್ದು 3 ಶೇಕಡಾ ಹರಳನ್ನು. ಹಕ್ಕಿಯ ಕಣ್ಣಿಗೆ ಮರಳಿನಂತೆ ಕಾಣುವ ರೂಪವೇ ಉಳಿಯಿತು. ಇದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಮೊನೊಕ್ರೊಟೊಫಾಸ್ ಏನು ಮಾಡಬಲ್ಲದು ಎಂಬುದು 1995–96ರಲ್ಲೇ ಜಗತ್ತಿಗೆ ಗೊತ್ತಾಗಿತ್ತು. ಮಿಡತೆಗೆ ಅಂತ ಅದನ್ನು ಹೊಡೆದ ಅರ್ಜೆಂಟೀನಾದ ಹೊಲಗಳಲ್ಲಿ, ಮಿಡತೆ ತಿನ್ನಲು ವಲಸೆ ಬಂದಿದ್ದ ಗಿಡುಗಗಳು ಸಾವಿರಗಟ್ಟಲೆ ಸತ್ತುಬಿದ್ದವು.

ಶಿಕಾರಿಪುರದ ಕಡೆ ಹೋದರೆ ಗದ್ದೆಗಿಂತ ಮೆಕ್ಕೆಜೋಳ ಜಾಸ್ತಿ. ಅಲ್ಲಿ ಅಪಾಯ ಬಿತ್ತನೆಯ ವಾರದಲ್ಲಿ. ಕೀಟನಾಶಕ ಲೇಪಿಸಿದ ಬಣ್ಣದ ಬೀಜ ಸಾಲಿನಲ್ಲಿ ಮಣ್ಣು ಮುಚ್ಚದೆ ಉಳಿದರೆ ನವಿಲು, ಚೋರೆ, ಪಾರಿವಾಳ ಬಂದು ಆರಿಸುತ್ತವೆ. ಇಮಿಡಾಕ್ಲೋಪ್ರಿಡ್‌ನಂಥ ಲೇಪನದ ಕಾಳು ಕೆಲವೇ ತಿಂದರೂ ಸಣ್ಣ ಹಕ್ಕಿಗೆ ಮಾರಕ. ಸಾಯದಿದ್ದರೂ ಕೆಡುಕು ತಪ್ಪುವುದಿಲ್ಲ. 2019ರಲ್ಲಿ ಕೆನಡಾದ ಸಂಶೋಧಕರು ವಲಸೆ ಗುಬ್ಬಿಗಳಿಗೆ ಈ ವಿಷವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು ನೋಡಿದಾಗ ಅವು ಗಂಟೆಗಳೊಳಗೆ ತೂಕ ಕಳೆದುಕೊಂಡವು, ಪ್ರಯಾಣವನ್ನೂ ಮುಂದೂಡಿದವು. ಚೆಲ್ಲಿದ ಬೀಜವನ್ನು ಮಣ್ಣಿನಲ್ಲಿ ಮುಚ್ಚುವುದು ಐದು ನಿಮಿಷದ ಕೆಲಸ. ಇಲಿ ಪಾಷಾಣದ ಕಥೆಯೂ ಇಂಥದ್ದೇ. ವಿಷ ತಿಂದು ತೂಕಡಿಸುವ ಇಲಿಯನ್ನು ಹಿಡಿಯುವ ಕಣಜ ಗೂಬೆ ತಾನೂ ಸಾಯಬಹುದು. ಇಲಿ ಹಿಡಿಯಲು ಅದಕ್ಕಿಂತ ಒಳ್ಳೆಯ ಆಳು ಯಾವ ತೋಟಕ್ಕೂ ಸಿಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಸತ್ತ ಹಕ್ಕಿ ಕಂಡೊಡನೆ ಪಕ್ಕದ ಗದ್ದೆಯವನ ಮೇಲೆ ಬೆರಳು ತೋರಿಸುವುದು ಸುಲಭ. ಅಲ್ಲೇ ಎಚ್ಚರ ಬೇಕು. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನ ಜನರ ಕೀಲು, ಸೊಂಟ ಸವೆಯುವ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತು ಹಬ್ಬಿತು. ನೋಡಿದರೆ ಎಷ್ಟು ಸರಿ ಎನ್ನಿಸುವ ವಿವರಣೆ! ವರ್ಷಗಳ ಪರೀಕ್ಷೆಯ ನಂತರ ಅದು ವಂಶವಾಹಿ ಕಾಯಿಲೆ ಎಂದು ಗೊತ್ತಾಯಿತು. ಸರಿ ಎನ್ನಿಸಿದ್ದೆಲ್ಲ ಸರಿಯಾಗಿರುವುದಿಲ್ಲ.

ರಣಹದ್ದುಗಳ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಯಿತು. 1990ರ ದಶಕದಲ್ಲಿ ಅವು ದೇಶದ ತುಂಬ ಸಾಯತೊಡಗಿದಾಗ ಎಲ್ಲರೂ ವೈರಸ್ ಹುಡುಕಿದರು. ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದಾಗ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಹರಡಿತ್ತು. ಮೂತ್ರಪಿಂಡ ಕೆಟ್ಟಿದ್ದರ ಗುರುತು. ಹದ್ದು ತಿನ್ನುವುದು ಸತ್ತ ದನ. ಹಾಗಾದರೆ ದನಕ್ಕೆ ಏನು ಕೊಡುತ್ತಿದ್ದಾರೆ ಎಂದು ಅವರ ತಂಡ ಪಶು ಔಷಧಿ ಮಾರುವವರನ್ನು ವಿಚಾರಿಸಿತು. ಉತ್ತರ ಡೈಕ್ಲೋಫಿನಾಕ್, ದನದ ನೋವಿಗೆ ಕೊಡುವ ಅಗ್ಗದ ಔಷಧಿ. 2004ರಲ್ಲಿ ಸಂಶೋಧನೆ ಪ್ರಕಟವಾಯಿತು, 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಲ್ಲಿಸಿತು. ಅಷ್ಟರಲ್ಲಿ ಕೆಲವು ಜಾತಿಯ ಹದ್ದುಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಹೋಗಿಬಿಟ್ಟಿದ್ದವು.

ನಮ್ಮದೇ ಕೊಕ್ಕರೆ ಬೆಳ್ಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. ಮದ್ದೂರು ತಾಲ್ಲೂಕಿನ ಆ ಊರಿನವರು ಹೆಜ್ಜಾರ್ಲೆಗಳನ್ನು ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. 2017ರ ಕೊನೆಯಿಂದ ಮುಂದಿನ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಮರದಿಂದ ಉದುರಿ ಸತ್ತವು. ಮೊದಲ ಭಯ ಹಕ್ಕಿಜ್ವರದ್ದು, ಎರಡನೆಯದು ವಿಷದ್ದು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆ ತುಂಬ ದುಂಡುಹುಳುಗಳು. ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವ ಹುಳು ಅದು. ಆಂಧ್ರದ ತೇಲಿನೀಲಾಪುರಂನಲ್ಲೂ ಕೆಲವು ವರ್ಷಗಳ ನಂತರ ಹೆಜ್ಜಾರ್ಲೆಗಳು ಹೀಗೇ ಸತ್ತವು. ಹಕ್ಕಿಯ ಹೊಟ್ಟೆಯಲ್ಲಿ ಒಂದಿಷ್ಟು ಹುಳು ಸಾಮಾನ್ಯ. ಕೊಲ್ಲುವಷ್ಟು ಆಗಿದೆ ಎಂದರೆ ಅವು ಮೀನು ಹಿಡಿಯುವ ನೀರಿನ ಕಡೆಗೆ ತಿರುಗಿ ನೋಡಬೇಕು.

ನೀರು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಸಾಂಭರ್ ಸರೋವರ ಸಾಕ್ಷಿ. 2019ರ ನವೆಂಬರಿನಲ್ಲಿ ಅಲ್ಲಿ ಸುಮಾರು 18 ಸಾವಿರ ಹಕ್ಕಿಗಳು ಸತ್ತವು. ಕಾರಣ ಬೊಟುಲಿಸಂ. ಗಾಳಿಯಾಡದ ಕೆಸರಿನಲ್ಲಿ, ಕೊಳೆಯುವ ಹೆಣದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ನಂಜು ಹುಟ್ಟಿಸುತ್ತದೆ. ಹೆಣದ ಮೇಲಿನ ಹುಳುಗಳಲ್ಲಿ ಆ ನಂಜು ಸೇರಿಕೊಳ್ಳುತ್ತದೆ, ಹುಳು ತಿಂದ ಹಕ್ಕಿಯ ಕತ್ತಿನ ಶಕ್ತಿ ಹೋಗುತ್ತದೆ, ತಲೆ ನೀರಿಗೆ ಜೋತು ಮುಳುಗಿ ಸಾಯುತ್ತದೆ. ಆ ಹೆಣದಲ್ಲಿ ಮತ್ತೆ ಹುಳು. ಸತ್ತ ಹಕ್ಕಿಯನ್ನು ಬೇಗ ತೆಗೆಯದಿದ್ದರೆ ಈ ಚಕ್ರ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬತ್ತಿ ಬೆಚ್ಚಗಾಗುವ ನಮ್ಮ ಊರಕೆರೆಗಳೂ ಇದನ್ನು ಮರೆಯುವಂತಿಲ್ಲ.

ಹಕ್ಕಿಜ್ವರದ ಭಯ ಸುಳ್ಳೇನಲ್ಲ. 2020ರ ಮಾರ್ಚಿನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳಿಗೆ ಬಂದಿತ್ತು, ಶಿಕಾರಿಪುರಕ್ಕೆ ಅದೇನು ಬಹಳ ದೂರವಲ್ಲ. ಅದಕ್ಕೂ ಮೊದಲು, 2017ರ ಜನವರಿಯಲ್ಲಿ, ಹಕ್ಕಿಗಳು ಸತ್ತದ್ದರಿಂದ ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತ್ತು. ಊರಿನ ಕೋಳಿಗಳು ಒಟ್ಟೊಟ್ಟಿಗೆ ಸಾಯುವುದಕ್ಕೆ ರೈತರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ಕಾಯಿಲೆಯೂ ಕಾರಣವಿರಬಹುದು. ಪಾರಿವಾಳ, ಚೋರೆಗಳಿಗೂ ಆ ವೈರಸ್ಸಿನ ಕಾಟ ಇದೆ. ಎರಡನ್ನೂ ಕಣ್ಣಿಂದ ನೋಡಿ ಬೇರೆ ಮಾಡಲು ಪಶುವೈದ್ಯರಿಗೂ ಆಗುವುದಿಲ್ಲ, ಪ್ರಯೋಗಾಲಯವೇ ಹೇಳಬೇಕು.

ಬ್ರಿಟನ್ನಿನಲ್ಲಿ ಸಾಮಾನ್ಯ ಜನ ತಮ್ಮ ಕೈತೋಟದಲ್ಲಿ ಸತ್ತ ಹಕ್ಕಿಯ ವಿವರವನ್ನು ವಿಜ್ಞಾನಿಗಳಿಗೆ ತಿಳಿಸುವ ವ್ಯವಸ್ಥೆ ಇದೆ. ಅಲ್ಲಿನ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿ 2005ರಿಂದ ಗಂಟಲಿನ ಒಂದು ಪರೋಪಜೀವಿ ರೋಗಕ್ಕೆ ಸಿಕ್ಕಿ ಸಾಯುತ್ತಿರುವುದು ಹೀಗೆ ಜನರು ಕೊಟ್ಟ ಸುದ್ದಿಯಿಂದಲೇ ತಿಳಿದದ್ದು. ರೋಗ ಹರಡಲು ನೆರವಾದದ್ದು ಪ್ರೀತಿಯಿಂದ ಇಟ್ಟ ಕಾಳಿನ ತಟ್ಟೆ, ನೀರಿನ ಬಟ್ಟಲು. ನಮ್ಮಲ್ಲೂ ಬೇಸಿಗೆ ಬಂತೆಂದರೆ ಹಕ್ಕಿಗಳಿಗೆ ನೀರಿಡಿ ಎಂಬ ಕರೆ ಎಲ್ಲೆಡೆ. ಇಡಬೇಕು, ಖಂಡಿತ. ದಿನಾ ಚೆಲ್ಲಿ, ಬಟ್ಟಲು ಉಜ್ಜಿ ತೊಳೆದು, ಒಣಗಿಸಿ ಇಡಬೇಕು. ಪಾಚಿ ಕಟ್ಟಿದ ಬಟ್ಟಲಿಗಿಂತ ಬಟ್ಟಲೇ ಇಲ್ಲದಿರುವುದು ಮೇಲು. 2021ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಹಾಡುಹಕ್ಕಿಗಳು ಕಣ್ಣು ಊದಿ, ಕುರುಡಾಗಿ ಸತ್ತವು. ದೊಡ್ಡ ದೊಡ್ಡ ಪ್ರಯೋಗಾಲಯಗಳು ಹುಡುಕಿದರೂ ಖಚಿತ ಕಾರಣ ಸಿಗಲಿಲ್ಲ. ಆದರೆ ಅದು ಹಕ್ಕಿಜ್ವರವಲ್ಲ, ಕೊಕ್ಕರೆ ರೋಗವಲ್ಲ ಎಂದು ಒಂದೊಂದನ್ನೇ ಬದಿಗಿಡಲು ಸಾಧ್ಯವಾಯಿತು. ಅಷ್ಟು ತಿಳಿಯುವುದೂ ಸಣ್ಣ ಮಾತಲ್ಲ.

ನಮ್ಮ ಹಿತ್ತಲಿನ ಹಕ್ಕಿ ಸತ್ತರೆ ಯಾರು ನೋಡಬೇಕು? ಕಾಡುಹಕ್ಕಿ ಅರಣ್ಯ ಇಲಾಖೆಯದು, ರೋಗ ಪಶುಸಂಗೋಪನೆ ಇಲಾಖೆಯದು, ಕೀಟನಾಶಕ ಕೃಷಿ ಇಲಾಖೆಯದು. ಮೂರರ ನಡುವೆ ಹಕ್ಕಿ ಕೊಳೆಯುತ್ತದೆ. ಕೊಳೆತ ಹೆಣದಿಂದ ಏನೂ ತಿಳಿಯುವುದಿಲ್ಲ, ಒಂದು ದಿನದೊಳಗೆ ಸಿಕ್ಕರೆ ಮಾತ್ರ ಪ್ರಯೋಜನ. ಮಾಡಬೇಕಾದ್ದು ಕಷ್ಟದ್ದೇನಲ್ಲ. ಬರಿಗೈಯಲ್ಲಿ ಮುಟ್ಟಬಾರದು. ಬಿದ್ದ ಜಾಗದಲ್ಲೇ, ಸುತ್ತಲಿನ ನೆಲವೂ ಕಾಣುವಂತೆ ಫೋಟೋ ತೆಗೆಯಬೇಕು. ನಾಯಿ, ಬೆಕ್ಕು, ಕೋಳಿ ಹತ್ತಿರ ಬಾರದಂತೆ ಬುಟ್ಟಿ ಕವುಚಬೇಕು. ಅರಣ್ಯ ಇಲಾಖೆಯ 1926 ಸಂಖ್ಯೆಗೋ ಹತ್ತಿರದ ವಲಯ ಕಚೇರಿಗೋ ಫೋನು ಮಾಡಬೇಕು, ಪಶುವೈದ್ಯರಿಗೂ ತಿಳಿಸಬೇಕು. ಕಾಡುಹಕ್ಕಿಯ ಹೆಣ ಕಾನೂನಿನ ಪ್ರಕಾರ ಸರ್ಕಾರದ ಸ್ವತ್ತು, ನಾವೇ ಎತ್ತಿಕೊಂಡು ಊರೂರು ತಿರುಗುವಂತಿಲ್ಲ. ಸಾಗಿಸುವಾಗ ಐಸಿನ ಮೇಲಿಡಬೇಕು. ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೆ ಅಂಗಾಂಶ ಒಡೆದು ರೋಗಪರೀಕ್ಷೆ ಕೆಡುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ, ಹಕ್ಕಿಜ್ವರವನ್ನು ಖಚಿತಪಡಿಸಲು ಭೋಪಾಲದ ಪ್ರಯೋಗಾಲಯವಿದೆ. ಹಕ್ಕಿಯ ದೇಹದಲ್ಲಿ ಉಳಿದ ಕೀಟನಾಶಕವನ್ನು ಅಳೆಯುವ ಪರಿಣತಿ ಕೊಯಮತ್ತೂರಿನ ಸಾಕಾನ್ ಸಂಸ್ಥೆಯಲ್ಲಿದೆ. ಕ್ಯಾಸನೂರಿನ ದೆಸೆಯಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ ಸಲೀಂ ಅಲಿ ಅವರ ಹೆಸರಿನ ಸಂಸ್ಥೆಯೇ ಅದು.

ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಮಂಗನ ಸಾವಿಗೆ ಇರುವ ವ್ಯವಸ್ಥೆಯನ್ನೇ ಹಕ್ಕಿಗೂ ವಿಸ್ತರಿಸಿದರೆ ಸಾಕು. ಗುಡವಿ ಪಕ್ಷಿಧಾಮದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡಲಿ: ದಿನಾಂಕ, ಊರು, ಯಾವ ಹಕ್ಕಿ, ಎಷ್ಟು, ಗದ್ದೆಯೋ ತೋಟವೋ ಹಿತ್ತಲೋ, ಹಿಂದಿನ ವಾರ ಅಕ್ಕಪಕ್ಕ ಏನು ಹೊಡೆದಿದ್ದರು. ಕೊನೆಯ ಕಾಲಂ ತುಂಬಿಸುವಾಗ ರೈತನಿಗೆ ಕೇಸಿನ ಭಯ ಹುಟ್ಟಿಸಬಾರದು. ಹುಟ್ಟಿಸಿದ ದಿನವೇ ಸುದ್ದಿ ಬರುವುದು ನಿಲ್ಲುತ್ತದೆ. ಕೃಷಿ ಇಲಾಖೆಯವರು ಕೆರೆಯ ಸುತ್ತಲಿನ ಊರುಗಳ ರೈತರ ಜೊತೆ ಕೂತು, ಜುಲೈನಿಂದ ಸೆಪ್ಟೆಂಬರ್ ತನಕ ಆ ಗದ್ದೆಗಳಲ್ಲಿ ಹರಳಿನ ವಿಷ ಬಿಟ್ಟು ಬೇರೆ ದಾರಿ ಹಿಡಿಯಲು ನೆರವಾಗಲಿ. ಕಾಂಡ ಕೊರೆಯುವ ಹುಳುವಿಗೆ ಮೋಹಕ ಬಲೆ, ಪರತಂತ್ರ ಜೀವಿ ಟ್ರೈಕೊಗ್ರಾಮ ಇವೆ. ಅವನ್ನು ನಾಟಿಯಾದ ಮೇಲೆ ಹೇಳಿದರೆ ಉಪಯೋಗವಿಲ್ಲ, ಸಸಿ ಮಡಿ ಮಾಡುವಾಗಲೇ ಕೈಗೆ ಸಿಗಬೇಕು. ಹಕ್ಕಿಗಳು ಜೂನಿಗೆ ಬರುತ್ತವೆ. ರಿಜಿಸ್ಟರಿನ ಮೊದಲ ಪುಟಕ್ಕೆ ಗೆರೆ ಎಳೆಯುವ ಕೆಲಸ ಮೇ ತಿಂಗಳಲ್ಲೇ ಆಗಬೇಕು.